ಜೋಡಿ ನಡಿಗೆ

ಹಲಗೆ ಎಡಕ್ಕೆ ವಾಲಿತು. ಚಂದ್ರಾಮಪ್ಪ ಬೀಳಲಿಲ್ಲ. ಬಲಕ್ಕೆ ವಾಲಿತು, ಹಿಂದಕ್ಕೆ ಜಗ್ಗಿತು, ಕೊನೆಗೆ ಕಿತ್ತುಹೋದ ರಸ್ತೆಯ ಮೇಲಿನ ಬಸ್ಸಿನ ಹಾಗೆ ಗಡಗಡ ಕುಲುಕಿತು. ಆಗಲೂ ಬೀಳಲಿಲ್ಲ. ಹುಬ್ಬಳ್ಳಿಯ ಆ ಪ್ರಯೋಗಾಲಯದ ನಟ್ಟನಡುವೆ, ಕಂಬ ಹಿಡಿಯದೆ, ಗೋಡೆಗೆ ಆತುಕೊಳ್ಳದೆ, ಎರಡೂ ಕೈ ಇಳಿಬಿಟ್ಟುಕೊಂಡು ಅವನು ನಿಂತೇ ಇದ್ದ.

ಅವನ ಸೊಂಟಕ್ಕೆ ಒಂದು ಅಗಲವಾದ ಪಟ್ಟಿ ಬಿಗಿದಿತ್ತು. ಅದರಿಂದ ಹೊರಟ ತೆಳು ತಂತಿಗಳು ತೊಡೆ, ಮೀನಖಂಡ, ಬೆನ್ನು, ಭುಜಗಳಿಗೆ ಅಂಟಿಕೊಂಡಿದ್ದವು. ಕಿವಿಗಳ ಹಿಂದೆ ಜೋಳದ ಕಾಳಿನಷ್ಟು ಗಾತ್ರದ ಎರಡು ಮಣಿಗಳು. ಮೈ ಯಾವ ಕಡೆಗೆ ವಾಲುತ್ತಿದೆ ಎಂಬ ಸುದ್ದಿಯನ್ನು ಮಣಿಗಳು ಪಟ್ಟಿಗೆ ಮುಟ್ಟಿಸುತ್ತಿದ್ದವು. ಪಟ್ಟಿ ತಂತಿಗಳ ಮೂಲಕ ಆಯಾ ಸ್ನಾಯುವನ್ನು ಚುರುಕೆನಿಸಿ ಬಿಗಿಸುತ್ತಿತ್ತು. ಇದೆಲ್ಲ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಮುಗಿದುಹೋಗುತ್ತಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ಸಮಸ್ಥಿತಿ ನಿಯಂತ್ರಕ. ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲದೆ ಎಲ್ಲರೂ ಅದನ್ನು ನಿಲುಪಟ್ಟಿ ಎನ್ನುತ್ತಿದ್ದರು.

“ಬಾಯಾರ, ನಾ ನಿಂತೇನೋ, ಇದು ನನ್ನ ನಿಲ್ಲಿಸೇತೋ?” ಎಂದು ಚಂದ್ರಾಮಪ್ಪ ಕೇಳಿದ. ಅವನ ನಾಲಗೆಯೂ ತೊಡರುತ್ತಿದ್ದುದರಿಂದ ಮಾತು ಒಂದೊಂದಾಗಿ ಎಡವಿಕೊಂಡು ಬಂತು.

ಪಟ್ಟಿಯನ್ನು ರೂಪಿಸಿದ ಡಾ. ಮೃಣಾಲಿನಿ ಗಲಗಲಿ ಹಲಗೆಯನ್ನು ನಿಲ್ಲಿಸಿ ಅವನ ಎದುರಿಗೆ ಬಂದರು. “ನಿಂತ ಮನಶ್ಯಾ ಅಂದ್ರ ಬೀಳ್ಲಿಕತ್ತ ಮನಶ್ಯಾನ ನೋಡ್ರಿ. ನಾನೂ ಈಗ ಬೀಳ್ಲಿಕತ್ತೀನಿ. ಕಣ್ಣಿಗೆ ಕಾಣದಷ್ಟು ಮುಂದ, ಕಾಣದಷ್ಟು ಹಿಂದ. ತಲಿ ಹಿಂಭಾಗದಾಗ ಕಿರುಮೆದುಳು ಅಂತ ಒಂದು ಅದ. ಅದು ಪ್ರತಿ ಸಲ ನನ್ನ ಹಿಡದು ನಿಲ್ಲಸ್ತದ, ನನಗ ಹೇಳೂದೂ ಇಲ್ಲ. ನಿಮ್ಮ ಮನಿತನದಾಗ ಅದು ವಯಸ್ಸಾದಂಗ ಸವೀತದ. ಅದರ ಕೆಲಸ ಈ ಪಟ್ಟಿ ಮಾಡ್ತದ, ಅಷ್ಟ.”

“ನಾ ಬೇಕಂತ ಬಿದ್ರ?”

“ಬಿಡೂದಿಲ್ಲ.” ವೈದ್ಯೆ ನಕ್ಕರು. “ಸಾವಕಾಶ ಕುಂದರ್ತೀನಂದ್ರ ಬಿಡ್ತದ, ಸಾವಕಾಶ ಬಗ್ತೀನಂದ್ರನೂ ಬಿಡ್ತದ. ದಡಕ್ಕನ ಕೆಳಗ ಹೋದ್ರ ಮಾತ್ರ ಬಿದ್ದಿರಿ ಅಂತ ತಿಳಕೊಂಡು ಎತ್ತಿ ನಿಲ್ಲಸ್ತದ.”

ಚಂದ್ರಾಮಪ್ಪನೂ ನಗಲು ಹೋದ. ಅಳು ಬಂತು. ನಲವತ್ತಾರರ ಗಂಡಸು, ಮೈಗೆಲ್ಲ ತಂತಿ ಹಚ್ಚಿಕೊಂಡು ಹಲಗೆಯ ಮೇಲೆ ನಿಂತು ಗೊಳೋ ಎಂದು ಅತ್ತ. ಕಾರಣವಿತ್ತು. ಅವನು ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸುಗಳು ತಮ್ಮಷ್ಟಕ್ಕೆ ತಾವೇ ಓಡಲು ಕಲಿತು ಚಾಲಕರನ್ನು ಮನೆಗೆ ಕಳಿಸಿ ಆಗಲೇ ಬಹಳ ವರ್ಷಗಳಾಗಿದ್ದವು. ಆದರೆ ಬಾಗಿಲಲ್ಲಿ ಜೋತುಬಿದ್ದವರನ್ನು ಗದರಿ ಒಳಗೆ ಸರಿಸುವುದು, ಮುದುಕಿಯರ ಗಂಟುಮೂಟೆ ಎತ್ತಿಡುವುದು, ಸೀಟಿಗಾಗಿ ಜಗಳವಾಡುವವರ ಬಾಯಿ ಮುಚ್ಚಿಸುವುದು ಯಂತ್ರದ ಕೈಲಾಗುವ ಕೆಲಸವಲ್ಲದ್ದರಿಂದ ಕಂಡಕ್ಟರುಗಳು ಮಾತ್ರ ಉಳಿದುಕೊಂಡಿದ್ದರು. ಒಳ್ಳೆಯ ಕಂಡಕ್ಟರ್ ಏನನ್ನೂ ಹಿಡಿದುಕೊಳ್ಳುವುದಿಲ್ಲ. ತಿರುವಿನಲ್ಲೂ ಉಬ್ಬಿನಲ್ಲೂ ಕಾಲನ್ನು ಅಷ್ಟಗಲ ಊರಿ, ಸೊಂಟದಿಂದಲೇ ಬಸ್ಸಿನ ಜೊತೆ ತೂಗುತ್ತಾನೆ. ಚಂದ್ರಾಮಪ್ಪ ಅದರಲ್ಲಿ ಎತ್ತಿದ ಕೈ.

ಆಮೇಲೆ ಒಂದು ದಿನ ಸುಮ್ಮನೆ ನಿಂತ ಬಸ್ಸಿನಲ್ಲಿ ಅವನು ಒಬ್ಬ ಹೆಂಗಸಿನ ತೊಡೆಯ ಮೇಲೆ ಹೋಗಿ ಬಿದ್ದ. ಇನ್ನೊಂದು ದಿನ ಮೆಟ್ಟಿಲು ತಪ್ಪಿದ. ಕೈ ನಡುಗಿತು, ಮಾತು ತೊದಲಿತು. ಬಸ್ಸಿನ ಮಾಲೀಕ ಅವನ ಬಾಯಿ ಮೂಸಿ ನೋಡಿ, ವಾಸನೆ ಬರದಿದ್ದರೂ ಕುಡಿದಿದ್ದಾನೆ ಎಂದೇ ತೀರ್ಮಾನಿಸಿ ಮನೆಗೆ ಕಳಿಸಿದ. ಹುಟ್ಟಿದಾರಭ್ಯ ಒಂದು ಹನಿ ಮುಟ್ಟದವನಿಗೆ ಈ ಮಾತು ಹೊಟ್ಟೆಯೊಳಗೆ ಮುಳ್ಳಾಗಿ ಉಳಿಯಿತು.

ಗುಳೇದಗುಡ್ಡದ ಅವರ ಓಣಿಗೆ ಇದು ಹೊಸದೇನಲ್ಲ. ಅವನ ತಾಯಿ ಕಲ್ಲವ್ವನೂ ಹೀಗೇ ತೂರಾಡುತ್ತಿದ್ದಳು, ಅವಳ ತಂದೆಯೂ ತೂರಾಡುತ್ತಿದ್ದನಂತೆ. ಚಂದ್ರಾಮಪ್ಪನಿಗೆ ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ತಂಗಿ ಗುರಸಿದ್ದವ್ವನಿಗೂ ಬಂತು. ರಕ್ತದಲ್ಲೇ ಇಳಿದು ಬರುವ ರೋಗವದು. ಆ ಮನೆಗೆ ಹೆಣ್ಣು ಕೊಡುವವರೂ ಇರಲಿಲ್ಲ, ಹೆಣ್ಣು ಕೇಳುವವರೂ ಇರಲಿಲ್ಲ. ಹೀಗಾಗಿ ಅಣ್ಣತಂಗಿ ಇಬ್ಬರೇ ಉಳಿದರು.

ಕಲ್ಲವ್ವ ಸಾಯುವ ಮುನ್ನ ಇಬ್ಬರಿಗೂ ಒಂದು ವಿದ್ಯೆ ಕಲಿಸಿದ್ದಳು. ತಂಗಿಯ ಎಡಗೈ ಅಣ್ಣನ ಭುಜದ ಮೇಲೆ, ಅಣ್ಣನ ಬಲಗೈ ತಂಗಿಯ ಸೊಂಟದ ಸುತ್ತ. ಒಬ್ಬರು ಆ ಕಡೆ ತೂಗಿದರೆ ಇನ್ನೊಬ್ಬರು ಈ ಕಡೆ. “ಒಬ್ಬರದು ಪೂರಾ ತಪ್ಪಿತು ಅಂದ್ರ ಇನ್ನೊಬ್ಬರು ಕೈ ಬಿಡಬ್ಯಾಡ್ರಿ. ಇಬ್ಬರೂ ಇದ್ದಲ್ಲೇ ದಪ್ಪಂತ ಕುಂತ ಬಿಡ್ರಿ” ಎಂದು ಹೇಳಿಕೊಟ್ಟಿದ್ದಳು. ಹಾಗೆ ಇಬ್ಬರೂ ರಸ್ತೆಯ ಅಗಲವನ್ನೆಲ್ಲ ಅಳೆಯುತ್ತ ಸಂತೆಗೆ ಹೋಗುವರು, ನಡುನಡುವೆ ಕೆಸರೋ ಧೂಳೋ ನೋಡದೆ ಕುಳಿತುಬಿಡುವರು, ಮತ್ತೆ ಏಳುವರು. ಓಣಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈ ರೋಗ ಮುಟ್ಟಿದರೆ ಹತ್ತುತ್ತದೆಂದು ನಂಬಿದ್ದ ಆ ಜನ ಕೈ ಚಾಚಿ ಎಬ್ಬಿಸಿದ್ದು ಮಾತ್ರ ಒಂದು ದಿನವೂ ಇಲ್ಲ.

ಚಂದ್ರಾಮಪ್ಪನಿಗೆ ಪಟ್ಟಿ ಒಗ್ಗಿದ ಮೇಲೆ ಗುರಸಿದ್ದವ್ವನ ಸರದಿ ಬಂತು. ಪ್ರಯೋಗಾಲಯದಲ್ಲಿ ಅಲುಗಾಡುವ ಹಲಗೆ ಒಂದೇ ಇದ್ದುದರಿಂದ ಒಬ್ಬರು ಕಲಿಯುವಾಗ ಇನ್ನೊಬ್ಬರು ಊರಲ್ಲಿರಬೇಕಾಗಿತ್ತು. ಒಬ್ಬೊಬ್ಬರನ್ನೂ ಊರಿಗೆ ಕಳಿಸಿಕೊಡುವಾಗ ಡಾ. ಗಲಗಲಿ ಅದೇ ಒಂದು ಮಾತು ಹೇಳಿದರು. “ಪಟ್ಟಿ ನಿಮ್ಮ ಮೈ ಓದಿಕೊಳ್ಳೂ ತನಕ ಯಾರ ಕೈನೂ ಹಿಡಕೋಬ್ಯಾಡ್ರಿ. ಹಳೇ ರೂಢಿ ಬಿಡ್ರಿ. ನಿಮ್ಮ ಕಾಲ ಮ್ಯಾಲೆ ನೀವು ನಡೀರಿ.”

ಇಬ್ಬರೂ ದೇವರ ವಾಕ್ಯದಂತೆ ಅದನ್ನು ಪಾಲಿಸಿದರು. ಮನೆಯಲ್ಲಿ ಅವಳು ಒಲೆಯಿಂದ ನೀರಿನ ಕೊಡದ ತನಕ ತುಂಬಿದ ತಂಬಿಗೆ ತುಳುಕದಂತೆ ಓಡಾಡಿದಳು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಚಹಾದಂಗಡಿಗೆ ಹೋಗಿ ಬಂದ. ಓಣಿಯಲ್ಲಿ ನಗು ನಿಂತಿತು. ಆದರೆ ಒಬ್ಬರಿಂದೊಬ್ಬರು ಒಂದು ಮಾರು ದೂರ ನಡೆಯುವುದು ಇಬ್ಬರಿಗೂ ಬಿಸಿಲಲ್ಲಿ ಬರಿಗಾಲಲ್ಲಿ ನಡೆದಷ್ಟು ಕಷ್ಟವಾಗುತ್ತಿತ್ತು. ಒಂದು ಸಂಜೆ ರೊಟ್ಟಿ ಬಡಿಯುತ್ತ ಗುರಸಿದ್ದವ್ವನೇ ಅಂದಳು: “ಯಣ್ಣಾ, ಎಲ್ಲಾ ಛಲೋ ಐತಿ. ಕೈ ಮಾತ್ರ ಖಾಲಿ ಖಾಲಿ ಅನಸ್ತೈತಿ.”

“ರೂಢಿ ಆಗಬೇಕ ಸಿದ್ದೀ. ಬಾಯಾರು ಹೇಳಿಲ್ಲೇನು?”

“ಹೇಳ್ಯಾರ ಬಿಡು” ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಚಂದ್ರಾಮಪ್ಪ ನಡೆದಾಡುವುದನ್ನು ಪೇಟೆಯಲ್ಲಿ ಕಂಡ ಬಸ್ಸಿನ ಮಾಲೀಕ, ತನ್ನ ಹಳೆಯ ಮಾತನ್ನು ತಾನೇ ಮರೆತವನಂತೆ, ಮತ್ತೆ ಕೆಲಸಕ್ಕೆ ಕರೆದ. ಕೆಲಸದ ಮೊದಲ ದಿನ ಬೆಳಿಗ್ಗೆ ಗುರಸಿದ್ದವ್ವ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. ತಾನೂ ಹೊಸ ಖಣದ ಕುಪ್ಪಸ ತೊಟ್ಟು, “ನಿನ್ನ ಬಸ್ಸಿಗೆ ಮೊದಲ ನಾನ ಹತ್ತತೇನಿ. ಬಾಗಲಕೋಟಿಗೆ ಹೋಗಿ ಅದ ಬಸ್ಸಿಗೆ ಹೊಳ್ಳಿ ಬರ್ತೇನಿ, ನೀ ನನಗೂ ಗದರಬೇಕ ನೋಡು” ಎಂದಳು. ಯಾರ ಕೈಯನ್ನೂ ಹಿಡಿಯದೆ ಅಷ್ಟು ದೂರ ಹೋಗಿಬರುವ ಹಿಗ್ಗು ಅವಳ ಮುಖದ ತುಂಬ ಇತ್ತು.

ಅವರ ಮನೆ ಗುಡ್ಡದ ಇಳಿಜಾರಿನ ಮೇಲಿನ ಓಣಿಯಲ್ಲಿ. ಪೇಟೆಗೆ ಇಳಿಯಲು ಕಡಿದಾದ ಕಲ್ಲಿನ ಪಾವಟಿಗೆಗಳು. ಒಂದು ಬದಿಗೆ ಮನೆಗಳ ಗೋಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಎರಡಾಳು ಕೆಳಗೆ ಯಾರದೋ ಹಾಸುಗಲ್ಲಿನ ಅಂಗಳ. ವರ್ಷಗಟ್ಟಲೆ ಇಬ್ಬರೂ ಆ ಪಾವಟಿಗೆಗಳನ್ನು ಕುಳಿತುಕೊಂಡೇ, ಒಂದೊಂದಾಗಿ ಜಾರಿ ಇಳಿಯುತ್ತಿದ್ದರು. ಅಂದು ಮೊದಲ ಸಲ ನಿಂತು ಇಳಿದರು. ಅಣ್ಣ ಗೋಡೆಯ ಬದಿಗೆ, ತಂಗಿ ಹೊರಬದಿಗೆ, ನಡುವೆ ಒಂದು ಮಾರು.

ಅರ್ಧ ಇಳಿದಿದ್ದರು. ಕೆಳಗಿನಿಂದ ಆಡುಗಳ ಹಿಂಡೊಂದು ದಡದಡ ಹತ್ತಿ ಬಂತು. ಒಂದು ಆಡು ಗುರಸಿದ್ದವ್ವನ ಮೊಣಕಾಲಿಗೆ ಹಾಯ್ದುಹೋಯಿತು. ಅವಳು ತುಸು ತೂಗಿದಳು, ಅಷ್ಟೇ. ಪಟ್ಟಿ ಆಗಲೇ ಅವಳನ್ನು ನೆಟ್ಟಗೆ ಮಾಡಿತ್ತು. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆದರೆ ಬೀಳುವ ಭಯ ಬಂದಾಗ ಆ ಇಬ್ಬರೂ ಎಂದೂ ಸುಮ್ಮನಿದ್ದವರಲ್ಲ. “ಯಣ್ಣಾ!” ಎಂದು ಅವಳು ಅವನ ಕಡೆಗೆ ಸರಿದಳು. ಅವಳ ಎಡಗೈ ತಾನಾಗಿ ಅವನ ಭುಜಕ್ಕೆ ಬಂತು, ಅವನ ಬಲಗೈ ತಾನಾಗಿ ಅವಳ ಸೊಂಟ ಬಳಸಿತು. ತಾಯಿ ಕಲಿಸಿದಂತೆ ಇಬ್ಬರೂ ಒಟ್ಟಿಗೆ ದಪ್ಪೆಂದು ಕುಳಿತುಕೊಳ್ಳಲು ಹೋದರು.

ಪಟ್ಟಿಗಳು ಕೂರಗೊಡಲಿಲ್ಲ. ನಾಲ್ಕೂ ಮೊಣಕಾಲು ಕಟ್ಟಿಗೆಯಂತೆ ಸೆಟೆದವು. ಅವಳ ಭಾರ ತನ್ನನ್ನು ಬಲಕ್ಕೆ ಎಳೆಯುತ್ತಿದೆಯೆಂದು ಅವನ ಪಟ್ಟಿ ಎಡಕ್ಕೆ ಎಳೆಯಿತು. ಆ ಎಳೆತಕ್ಕೆ ಅವಳ ಪಟ್ಟಿ ಬಲಕ್ಕೆ ಜಗ್ಗಿತು. ಆ ಜಗ್ಗಾಟಕ್ಕೆ ಅವನದು ಇನ್ನೂ ಜೋರು ಮಾಡಿತು. ಇಕ್ಕಟ್ಟಾದ ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಮತ್ತೆ ಮತ್ತೆ ಒಂದೇ ಬದಿಗೆ ಸರಿಯುವುದಿಲ್ಲವೇ, ಹಾಗೆ. ಕೈ ಬಿಟ್ಟಿದ್ದರೆ ಆಗಲೂ ಉಳಿಯುತ್ತಿದ್ದರು. ಇಬ್ಬರೂ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಮುಂದಿನ ತೂಗಾಟಕ್ಕೆ ಚಂದ್ರಾಮಪ್ಪನ ತೋಳು, ಅವನನ್ನು ಕೇಳದೆಯೇ, ಚಾಟಿಯ ಹಾಗೆ ಬಿಚ್ಚಿಕೊಂಡು ಹೊರಕ್ಕೆ ಚಿಮ್ಮಿತು.

ಗುರಸಿದ್ದವ್ವ ಹೊರಬದಿಯಿಂದ ಕೆಳಗೆ ಹೋದಳು.

ಚಂದ್ರಾಮಪ್ಪ ಅವಳ ಹಿಂದೆಯೇ ಬೀಳಲು ನೋಡಿದ. ಮುಂದಕ್ಕೆ ಮೈ ಚೆಲ್ಲಿದ. ಪಟ್ಟಿ ಅವನನ್ನು ಹಿಂದಕ್ಕೆ ಎಳೆದು ನಿಲ್ಲಿಸಿತು. ಮತ್ತೆ ಚೆಲ್ಲಿದ, ಮತ್ತೆ ನಿಲ್ಲಿಸಿತು. ಹಾಸುಗಲ್ಲಿನ ಮೇಲೆ ಬಿದ್ದ ತಂಗಿಯ ಸುತ್ತ ಜನ ಸೇರುವ ತನಕವೂ ಅವನು ಪಾವಟಿಗೆಯ ಮೇಲೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ನೆಟ್ಟಗೆ ನಿಂತೇ ಇದ್ದ.

ಪಟ್ಟಿಗಳು ತಮ್ಮ ಸುದ್ದಿಯನ್ನು ಹುಬ್ಬಳ್ಳಿಗೆ ತಾವೇ ತಲುಪಿಸುತ್ತಿದ್ದವು. ಹೀಗಾಗಿ ಯಾರೂ ತಿಳಿಸುವ ಮುನ್ನವೇ ಡಾ. ಗಲಗಲಿ ಹೊರಟಿದ್ದರು. ಅವರು ಬರುವ ಹೊತ್ತಿಗೆ ಗುರಸಿದ್ದವ್ವನನ್ನು ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಗೂಟಕ್ಕೆ ಬಟ್ಟೆ ಕಟ್ಟಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಅವರ ಮತದವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ.

ಚಂದ್ರಾಮಪ್ಪ ಹೊರಗಿನ ಕಟ್ಟೆಯ ಮೇಲೆ ಇದ್ದ. ವೈದ್ಯೆ ಪಕ್ಕದಲ್ಲಿ ಕುಳಿತರು.

“ನಾ ಆಕೀನ್ನ ದೂಕಿದ್ನೇನ್ರಿ, ಬಾಯಾರ?”

ಇಲ್ಲ ಎಂದುಬಿಡುವುದು ಸುಲಭವಿತ್ತು. ದಾರಿಯುದ್ದಕ್ಕೂ ಡಾ. ಗಲಗಲಿ ಆ ಒಂದು ಸುಳ್ಳನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದರು. ಅವನ ಮುಖ ನೋಡಿದ ಮೇಲೆ ಅದು ಹೊರಬರಲಿಲ್ಲ.

“ನೀವು ದೂಕಲಿಲ್ಲ. ನಿಮ್ಮ ಪಟ್ಟಿ ದೂಕ್ತು.” ಅವರು ನೆಲ ನೋಡುತ್ತ ಹೇಳಿದರು. “ಅದಕ್ಕ ತಂಗಿ ಅಂತ ಗೊತ್ತಿಲ್ಲ ಚಂದ್ರಾಮಪ್ಪ. ನಿಮ್ಮನ್ನ ಬೀಳಸ್ಲಿಕ್ಕೆ ಬಂದ ಭಾರ ಅಂತ ತಿಳೀತು. ಆಕೀ ಪಟ್ಟಿನೂ ನಿಮ್ಮನ್ನ ಹಂಗ ತಿಳೀತು. ಎರಡೂ ತಮ್ಮ ಕೆಲಸ ಸರಿಯಾಗೇ ಮಾಡ್ಯಾವ. ಕೆಟ್ಟಿದ್ದು ಏನೂ ಇಲ್ಲ.”

“ಕೈ ಹಿಡೀಬ್ಯಾಡ್ರಿ ಅಂದಿದ್ರಿ. ನಾವ ತಪ್ಪಿದ್ವಿ.”

“ನಾ ಹಂಗಂದದ್ದು ಇದಕ್ಕಲ್ಲ. ರೂಢಿ ಬಿಡ್ಲಿ ಅಂತ ಅಂದೆ. ಹಿಂಗಾಗ್ತದ ಅಂತ ನನಗೂ ಗೊತ್ತಿರಲಿಲ್ಲ.” ಡಾ. ಗಲಗಲಿ ಈಗ ಅವನ ಕಡೆಗೆ ತಿರುಗಿದರು. “ಒಬ್ಬೊಬ್ಬರನ್ನೇ ನಿಲ್ಲಿಸಿ ಪರೀಕ್ಷೆ ಮಾಡಿದ್ವಿ. ಇದು ಒಬ್ಬೊಬ್ಬರಿಗೆ ಬರೋ ರೋಗ ಅಲ್ಲ, ಮನಿಗೆ ಮನೀನ ಹಿಡಿಯೋ ರೋಗ ಅಂತ ನಾನ ಪುಸ್ತಕದಾಗ ಬರದೀನಿ. ಆದರೂ ಎರಡು ಪಟ್ಟಿ ಒಂದಕ್ಕೊಂದು ಕೂಡಿದ್ರ ಏನು ಅಂತ ಒಂದು ದಿನಾನೂ ಕೇಳಿಕೊಳ್ಳಲಿಲ್ಲ.”

ಒಳಗೆ ಭಜನೆಯವರು ಬಂದು ತಾಳ ಹಿಡಿದರು. ಚಂದ್ರಾಮಪ್ಪ ಕೇಳಿದ: “ಈಗ ಏನ ಮಾಡ್ತೀರಿ?”

“ಪಟ್ಟಿ ಹಾಕ್ಕೊಂಡ ಇಬ್ಬರು ಹತ್ರ ಬಂದ್ರ, ಎರಡೂ ಪಟ್ಟಿಗೆ ಗೊತ್ತಾಗೂ ಹಂಗ ಮಾಡಬೇಕಂತ ಮ್ಯಾಲಿನವರು ಇವತ್ತ ಹೇಳ್ಯಾರ. ಮುಟ್ಟೂದರೊಳಗ ಇಬ್ಬರನೂ ದೂರ ಸರಸ್ತದ.”

“ಹಂಗಾರ ಇನ್ನ ಮ್ಯಾಲ ನಮ್ಮಂಥವರು ಯಾರೂ ಯಾರನೂ ಹಿಡಕೊಳ್ಳಂಗಿಲ್ಲ.”

ವೈದ್ಯೆ ಅವನ ಸೊಂಟದ ಕಡೆ ನೋಡಿದರು. ಪಟ್ಟಿ ಬಿಚ್ಚಿಬಿಡುತ್ತೀರಾ ಎಂದು ಮೆಲ್ಲಗೆ ಕೇಳಿದರು. ಚಂದ್ರಾಮಪ್ಪ ಬೇಡವೆಂದು ತಲೆಯಲ್ಲಾಡಿಸಿದ. ತಂಗಿಯ ಹಿಂದೆ ಊರ ಹೊರಗಿನ ತನಕ ನಡೆಯಬೇಕಾಗಿತ್ತು, ಅವನನ್ನು ಹಿಡಿದು ನಡೆಸುವವರು ಯಾರೂ ಇರಲಿಲ್ಲ.

ಹಾಗೆ ಅವನು ನಡೆದ. ಬಿದಿರಿನ ವಿಮಾನದಲ್ಲಿ ಕುಳಿತ ಗುರಸಿದ್ದವ್ವ ಹೊತ್ತವರ ಹೆಗಲ ಮೇಲೆ ತೂಗುತ್ತ ಮುಂದೆ ಹೋದಳು, ಅವನು ಒಂದಿಷ್ಟೂ ಅತ್ತಿತ್ತ ಆಗದೆ ಹಿಂದೆ ಹೋದ. ನೋಡಿದವರು ಮೂಗು ಮುರಿದರು. “ಏನ ಗಟ್ಟಿ ಎದಿನಪಾ, ಒಂದ ಹೆಜ್ಜಿ ತಪ್ಪಿಲ್ಲ ನೋಡು” ಎಂದು ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಅಂದದ್ದು ಚಂದ್ರಾಮಪ್ಪನಿಗೂ ಕೇಳಿಸಿತು.

ಕುಣಿಯನ್ನು ಆಳವಾಗಿ ತೋಡಿದ್ದರು. ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು ಗುರಸಿದ್ದವ್ವನನ್ನು ಪದ್ಮಾಸನದಲ್ಲಿ ಕೂರಿಸಿದರು. ಸುತ್ತ ವಿಭೂತಿಯ ಗಟ್ಟಿಗಳನ್ನು ಒತ್ತಿ ಅಲುಗದಂತೆ ಮಾಡಿದರು. ಬದುಕಿದ್ದಾಗ ಅಷ್ಟು ನೆಟ್ಟಗೆ ಅವಳು ಕುಳಿತದ್ದು ಯಾರಿಗೂ ನೆನಪಿರಲಿಲ್ಲ. ಕುಣಿಯೊಳಗೆ ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಮೇಲಕ್ಕೆ ನೋಡಿ, “ಅಣ್ಣಾರ ಬರ್ರಿ, ಪತ್ರಿ ಏರಸ್ರಿ” ಎಂದು ಕರೆದರು.

ಚಂದ್ರಾಮಪ್ಪ ಬಿಲ್ವಪತ್ರೆ ಹಿಡಿದು ಅಂಚಿಗೆ ಬಂದ. ಬಾಗಿದ. ಕಾಲ ಕೆಳಗಿನ ಸಡಿಲ ಮಣ್ಣು ಜಾರಿ ಮೈ ದಡಕ್ಕನೆ ತಗ್ಗಿನ ಕಡೆ ವಾಲಿತು. ಪಟ್ಟಿಗೆ ಅದು ಬೀಳುವುದಾಗಿಯೇ ಕಂಡಿತು. ಅವನನ್ನು ಎತ್ತಿ ನಿಲ್ಲಿಸಿತು. ಇನ್ನೊಮ್ಮೆ ಬಾಗಿದ. ಇನ್ನೊಮ್ಮೆ ನಿಲ್ಲಿಸಿತು. ಜನರೊಳಗೆ ಗುಸುಗುಸು ಎದ್ದಿತು. ಒಡಹುಟ್ಟಿದವಳಿಗೆ ತಲೆ ಬಾಗಿಸಲೂ ಒಲ್ಲನಲ್ಲ ಎಂದು ಒಂದು ಮುದಿ ದನಿ ಜೋರಾಗಿಯೇ ಹೇಳಿತು.

ಚಂದ್ರಾಮಪ್ಪ ಸೊಂಟಕ್ಕೆ ಕೈ ಹಾಕಿದ. ನಡುಗುವ ಬೆರಳುಗಳಿಗೆ ಕೊಕ್ಕೆ ಸುಲಭಕ್ಕೆ ಸಿಗಲಿಲ್ಲ. ಡಾ. ಗಲಗಲಿ ಜನರನ್ನು ಸರಿಸಿಕೊಂಡು ಓಡಿಬಂದರು, ತಡೆಯುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ಮಣ್ಣಲ್ಲಿ ಮೊಣಕಾಲೂರಿ ಕೊಕ್ಕೆಯನ್ನು ತಾವೇ ಬಿಚ್ಚಿದರು.

ತಂತಿಗಳು ಕಳಚಿದವು. ಚಂದ್ರಾಮಪ್ಪನ ಕಾಲು ಕುಸಿದವು, ತಲೆ ತೂಗಾಡಿತು, ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕಿದವು. ವೈದ್ಯೆ ಅವನನ್ನು ಹಿಂದಿನಿಂದ ತಬ್ಬಿ ಹಿಡಿದರು. ಅವರಿಬ್ಬರೂ ಸೇರಿ ತೂಗಾಡುವುದನ್ನು ನೋಡಿ, ಮಣ್ಣು ತೋಡಿದ ಆಳುಗಳಿಬ್ಬರು ಒಮ್ಮೆ ಹಿಂದೆಮುಂದೆ ನೋಡಿ, ಮುಂದೆ ಬಂದು ಅವನ ರಟ್ಟೆಗಳನ್ನು ಹಿಡಿದುಕೊಂಡರು. ಮೆಲ್ಲಗೆ ಅವನನ್ನು ಕುಣಿಯೊಳಗೆ ಇಳಿಸಿದರು.

ಅವನು ತಂಗಿಯ ತಲೆಯ ಮೇಲೆ ಪತ್ರಿ ಇಟ್ಟ. ಕೈ ನಡುಗಿ ಅರ್ಧ ಕೆಳಗೆ ಬಿದ್ದವು. ಅಯ್ಯನವರು ಅವನ್ನು ಆಯ್ದು ಅವಳ ಮಡಿಲಿಗೆ ಹಾಕಿದರು. ಆಮೇಲೆ ಚಂದ್ರಾಮಪ್ಪ ಗೂಡಿನ ಅಂಚಿನಲ್ಲಿ ತಂಗಿಗೆ ಒತ್ತಿಕೊಂಡು ಕುಳಿತುಬಿಟ್ಟ. ಅವನ ತಲೆ, ಕುತ್ತಿಗೆ, ಬೆನ್ನು ಎಲ್ಲವೂ ಹಿಂದಿನ ಹಾಗೆ ತೂಗುತ್ತಿದ್ದವು. ತೂಗುತ್ತ ತೂಗುತ್ತ ಅವನ ಭುಜ ಅವಳ ಭುಜಕ್ಕೆ ತಾಗಿತು. ತಾಗಿ ಅಲ್ಲಿಯೇ ಉಳಿಯಿತು.

ಮೇಲಿನಿಂದ ಡಾ. ಗಲಗಲಿ ನೋಡುತ್ತಿದ್ದರು. ಇಷ್ಟು ವರ್ಷ ಇಂಥ ರೋಗಿಗಳ ತೂಗಾಟವನ್ನೇ ಅಳೆಯುತ್ತ ಬಂದವರ ಕಣ್ಣು ಅದು. ಮೊದಲು ಬೆನ್ನು ನಿಂತಿತು. ಆಮೇಲೆ ಕುತ್ತಿಗೆ. ಆಮೇಲೆ ತಲೆಯೂ ನಿಂತಿತು. ಅಲುಗದ ವಸ್ತುವೊಂದನ್ನು ಮೈ ಮುಟ್ಟಿಕೊಂಡಿದ್ದರೆ ತೂಗಾಟ ಇಳಿಯುತ್ತದೆ ಎಂಬುದು ಅವರು ಓದಿದ ಮೊದಲ ಪಾಠಗಳಲ್ಲಿ ಒಂದು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಅವರು ಅಳತೊಡಗಿದರು.

ಸ್ವಲ್ಪ ಹೊತ್ತಿನ ನಂತರ ಅಯ್ಯನವರು, “ಚಂದ್ರಾಮಪ್ಪ, ಏಳ್ರಿ. ಮಣ್ಣ ಎಳೀಬೇಕು” ಎಂದರು.

“ಈಟ ತಡೀರಿ, ಅಪ್ಪಾರ” ಎಂದ ಅವನು, ಕಣ್ಣು ಮುಚ್ಚಿಕೊಂಡೇ. “ಈಗ ನಿಂತೈತಿ.”

ಮೇಲೆ ಸಲಿಕೆ ಹಿಡಿದವರು ಸಲಿಕೆ ಕೆಳಗಿಟ್ಟು ಕುಳಿತುಕೊಂಡರು.